ಚಾಕೊಲೇಟ್ ಸಿಸ್ಟ್ ಇರೋರಿಗೆ ಎಗ್ ಫ್ರೀಝಿಂಗ್: ಕನ್ನಡದಲ್ಲಿ ಪೋಸ್ಟ್ ಹಾಕೋ ಮುಂಚೆ ಏನೇನು ಸರಿಮಾಡ್ಕೋಬೇಕು?

ನೇರಳೆಶಾಯಿ (ಪ್ರಶ್ನೆ)

ಮಾರ್ಚ್ ಬಂತು ಅಂದ್ರೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೂ ಬೆಳೆಯೋ ಕಾಯಿಲೆ, ಚಿಕ್ಕದಾಗಿ ಎಂಡೋ) ಜಾಗೃತಿ ತಿಂಗಳು, ಫೀಡ್ ತುಂಬ ಹಳದಿ ರಿಬ್ಬನ್. ಈಗ ಕನ್ನಡದಲ್ಲೂ ರೀಲ್ ಬರ್ತಿವೆ, ಸಂತೋಷ. ಆದ್ರೆ ನೋವಿನ ವಿಷಯದಲ್ಲಿ ಶುರುವಾಗೋ ರೀಲು ಮೂವತ್ತನೇ ಸೆಕೆಂಡಿಗೆ ಎಗ್ ಫ್ರೀಝಿಂಗ್ (ಮುಂದೆ ಬಳಸೋಕೆ ಅಂಡಾಣು ತೆಗೆದು ಫ್ರೀಝ್ ಮಾಡಿಡೋದು) ಪ್ಯಾಕೇಜಿಗೆ ಬಂದು ನಿಲ್ಲೋದು ಸ್ವಲ್ಪ ಜಾಸ್ತಿ ಆಗಿದೆ. ನಮ್ಮ ಪೇಜಿಗೆ ಎಂಟು ಸ್ಲೈಡಿನ ಪೋಸ್ಟ್ ಮಾಡ್ತಿದ್ದೀವಿ. ಈಗ ಓಡಾಡ್ತಿರೋ ಸಾಲುಗಳು ಇವು, ಇದರಲ್ಲಿ ಯಾವುದು ಎಷ್ಟು ನಿಜ?

1. ಎಂಡೋ ಇದ್ರೆ ಮಕ್ಕಳಾಗಲ್ಲ, 30ರೊಳಗೆ ಅಂಡಾಣು ಇಟ್ಟುಬಿಡಿ.
2. ಎಎಂಎಚ್ (ಅಂಡಾಣು ಎಷ್ಟು ಉಳಿದಿದೆ ಅಂತ ಅಂದಾಜಿಸೋ ರಕ್ತಪರೀಕ್ಷೆ) 1ಕ್ಕಿಂತ ಕಮ್ಮಿ ಬಂದ್ರೆ ಕಥೆ ಮುಗೀತು.
3. ಚಾಕೊಲೇಟ್ ಸಿಸ್ಟ್ (ಎಂಡೋದಿಂದ ಅಂಡಾಶಯದಲ್ಲಿ ಆಗೋ ಹಳೇ ರಕ್ತದ ಚೀಲ) ತೆಗೆಸಿದ್ರೆ ಗರ್ಭ ತಾನಾಗೇ ನಿಲ್ಲುತ್ತೆ.
4. ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ ಅಂಡಾಶಯನ ಕಾಪಾಡುತ್ತೆ.
5. ಹತ್ತು ಎಗ್ ಇಟ್ರೆ ಒಂದು ಮಗು ಗ್ಯಾರಂಟಿ.

ಜೊತೆಗೆ, ಮದುವೆ ಆಗದವರಿಗೆ ಕಾನೂನು ಏನು ಹೇಳುತ್ತೆ? ಎಲ್ಲಕ್ಕಿಂತ ಮುಖ್ಯವಾಗಿ, ಈ ಪೋಸ್ಟ್ ಯಾರಿಗೆ ಅಂತ ಬರೀಬೇಕು?

---

ಸೋಮವಾರದ_ಓಪಿಡಿ

ನಿಮ್ಮ ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಮುಟ್ಟಿನ ಹೊಟ್ಟೆನೋವು ಇರೋ ಎಲ್ಲರ ಮುಂದೆಯೂ ಎಗ್ ಫ್ರೀಝಿಂಗ್ ಇಟ್ರೆ ಅದು ಜಾಗೃತಿ ಅಲ್ಲ, ಗಿರಾಕಿ ಕೂಗೋದು. ಮಕ್ಕಳಾಗೋ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಎಂಡೋ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅವರಲ್ಲಿ ಬಹಳಷ್ಟು ಜನ ತಾವಾಗೇ ಬಸುರಿ ಆಗ್ತಾರೆ. ಕೆಲವರಿಗೆ ತಡ ಆಗುತ್ತೆ, ಕೆಲವರಿಗೆ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡೋದು) ಬೇಕಾಗುತ್ತೆ. "ಮಕ್ಕಳಾಗಲ್ಲ" ಅನ್ನೋದು ಸುಳ್ಳು. ಅದರ ಅಣ್ಣ "ಮದುವೆ ಮಾಡಿ, ಒಂದು ಹೆರಿಗೆ ಆದ್ರೆ ಸರಿಹೋಗುತ್ತೆ" ಅನ್ನೋದೂ ಸುಳ್ಳೇ. ಬಸಿರಿನಲ್ಲಿ ಮುಟ್ಟು ನಿಲ್ಲೋದರಿಂದ ನೋವು ತಗ್ಗಬಹುದು, ಕಾಯಿಲೆ ಹೋಗಲ್ಲ.

ಯಾರ ಜೊತೆ ಈ ಮಾತು ಆಡಲೇಬೇಕು ಅಂದ್ರೆ, ಅಂಡಾಶಯದಲ್ಲೇ ಕಾಯಿಲೆ ಇರೋರ ಜೊತೆ. ಎರಡೂ ಕಡೆ ಚಾಕೊಲೇಟ್ ಸಿಸ್ಟ್ ಇದೆ. ಅಥವಾ ಒಂದು ಕಡೆ ಆಪರೇಷನ್ ಆಗಿ ಮತ್ತೆ ಬಂದಿದೆ. ಅಥವಾ ಆಪರೇಷನ್‌ಗೆ ದಿನ ಗೊತ್ತಾಗಿದೆ, ವಯಸ್ಸು 35ರ ಒಳಗೆ, ಮಗು ಈಗ ಬೇಡ ಆದ್ರೆ ಮುಂದೆ ಬೇಕು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಎಶ್ರೆ ಸಂಸ್ಥೆಯ 2022ರ ಮಾರ್ಗಸೂಚಿಯೂ ಅಂಡಾಶಯದಲ್ಲಿ ಕಾಯಿಲೆ ಹೆಚ್ಚಾಗಿ ಹರಡಿರೋರ ಜೊತೆ ಇದರ ಸಾಧಕ ಬಾಧಕ ಚರ್ಚಿಸಿ ಅನ್ನುತ್ತೆ. ಎಲ್ಲರಿಗೂ ಮಾಡಿಸಿ ಅನ್ನಲ್ಲ. ನಿಜವಾದ ಲಾಭ ಎಷ್ಟು ಅನ್ನೋದು ಇನ್ನೂ ಗೊತ್ತಿಲ್ಲ ಅಂತ ಅದರಲ್ಲೇ ಬರೆದಿದ್ದಾರೆ.

ಇನ್ನು ಮೂರನೇ ಸಾಲು. ನಿಮ್ಮ ಪಟ್ಟಿಯಲ್ಲಿ ಅತಿ ಅಪಾಯದ್ದು ಅದೇ. ಚಾಕೊಲೇಟ್ ಸಿಸ್ಟ್ ಅಂದ್ರೆ ಹಳೇ ರಕ್ತ ಮಂದವಾಗಿ ಕಂದುಬಣ್ಣಕ್ಕೆ ತಿರುಗಿ ತುಂಬಿಕೊಂಡ ಚೀಲ. ಚೀಲದ ಗೋಡೆಗೂ ಅಂಡಾಶಯಕ್ಕೂ ನಡುವೆ ಸಲೀಸಾಗಿ ಬಿಡಿಸೋ ಗೆರೆ ಇರಲ್ಲ. ಬಲಿಯದ ಮೂಸಂಬಿಯ ಸಿಪ್ಪೆ ಕಿತ್ತರೆ ತೊಳೆಯ ಚೂರೂ ಅಂಟಿಕೊಂಡು ಬರುತ್ತಲ್ಲ, ಹಾಗೆ ಗೋಡೆಯ ಜೊತೆ ಒಳ್ಳೇ ಅಂಡಾಣುಗಳಿರೋ ಪದರವೂ ಬರುತ್ತೆ. ಆಮೇಲೆ ರಕ್ತ ನಿಲ್ಲಿಸೋಕೆ ಕರೆಂಟ್ ಕೊಟ್ಟು ಸುಟ್ಟರೆ ಉಳಿದದ್ದಕ್ಕೂ ಬಿಸಿ ತಾಗುತ್ತೆ. ಎರಡೂ ಕಡೆ ಮಾಡಿದಾಗ, ಅಥವಾ ಅದೇ ಅಂಡಾಶಯಕ್ಕೆ ಎರಡನೇ ಸಲ ಕೈ ಹಾಕಿದಾಗ ನಷ್ಟ ಇನ್ನೂ ಹೆಚ್ಚು. ಸಿಸ್ಟ್ ತೆಗೆದರೆ ನೋವು ಇಳಿಯುತ್ತೆ, ಸಹಜವಾಗಿ ಗರ್ಭ ನಿಲ್ಲೋ ಅವಕಾಶ ಸ್ವಲ್ಪ ಸುಧಾರಿಸಲೂಬಹುದು. ಆದ್ರೆ "ಐವಿಎಫ್‌ಗೆ ಮುಂಚೆ ತೆಗೆಸಿಬಿಡೋಣ, ಆಮೇಲೆ ಚೆನ್ನಾಗಿ ಆಗುತ್ತೆ" ಅನ್ನೋ ಲೆಕ್ಕಕ್ಕೆ ಆಧಾರ ಇಲ್ಲ. ಅದನ್ನ ರೂಢಿಯಾಗಿ ಮಾಡಬೇಡಿ ಅಂತಲೇ ಮಾರ್ಗಸೂಚಿ ಇರೋದು.

ಒಂದು ಸ್ಲೈಡ್ ಪೂರ್ತಿ ಇದಕ್ಕೇ ಕೊಡಿ: ಲ್ಯಾಪರೊಸ್ಕೋಪಿಗೆ (ಸಣ್ಣ ತೂತಿನ ಆಪರೇಷನ್) ಸಹಿ ಹಾಕೋ ಮುಂಚೆ ಡಾಕ್ಟರನ್ನ ಏನು ಕೇಳಬೇಕು. ಎಎಂಎಚ್ ಮತ್ತು ಸ್ಕ್ಯಾನಿನಲ್ಲಿ ಎರಡೂ ಕಡೆಯ ಫಾಲಿಕಲ್ (ಅಂಡಾಣು ಬೆಳೆಯೋ ಪುಟ್ಟ ಚೀಲ) ಎಣಿಕೆ ಆಗಿದೆಯಾ? ಗೋಡೆ ಪೂರ್ತಿ ಸುಲಿಯೋದಾ, ಅಥವಾ ಬಸಿದು ಒಳಗಡೆ ಲೇಸರ್ ಕೊಡೋದಾ? ರಕ್ತ ನಿಲ್ಲಿಸೋದು ಹೊಲಿಗೆಯಿಂದಲಾ, ಸುಟ್ಟಾ? ಇದಕ್ಕೆ ಮುಂಚೆ ಅಂಡಾಣು ತೆಗೆದಿಡೋದು ನನಗೆ ಹೊಂದುತ್ತಾ? ಸುಲಿಯದೆ ಬರೀ ಬಸಿದು ಬಿಟ್ರೆ ಸಿಸ್ಟ್ ಮತ್ತೆ ತುಂಬಿಕೊಳ್ಳೋ ಸಾಧ್ಯತೆ ಬಹಳ, ಅದನ್ನೂ ಬರೀರಿ.

ಆದ್ರೆ ಆಪರೇಷನ್ ಮುಂದೂಡಬಾರದ ಸಂದರ್ಭಗಳೂ ಇವೆ. ಸ್ಕ್ಯಾನಿನಲ್ಲಿ ಸಿಸ್ಟ್ ಒಳಗೆ ಗಟ್ಟಿ ಭಾಗ, ಅದರಲ್ಲಿ ರಕ್ತದ ಹರಿವು ಕಂಡರೆ ಕ್ಯಾನ್ಸರ್ ಅಲ್ಲ ಅಂತ ಖಚಿತ ಆಗಬೇಕು. ಮೂತ್ರನಾಳ ಒತ್ತಿಕೊಂಡು ಕಿಡ್ನಿ ಊದಿದ್ರೆ ಕಾಯೋ ಹಾಗಿಲ್ಲ, ಯಾಕಂದ್ರೆ ಆ ಕಿಡ್ನಿ ನೋವೇ ಇಲ್ಲದೆ ಹಾಳಾಗುತ್ತೆ. ಕರುಳು ಕಟ್ಟಿಕೊಂಡಿದ್ರೂ ಅಷ್ಟೇ.

ನಾಲ್ಕನೇ ಸಾಲು ಅರ್ಧ ಸತ್ಯ. ಡೈನೋಜೆಸ್ಟ್ ದಿನಕ್ಕೆ 2 ಮಿಲಿಗ್ರಾಂ. ನೋವು ತಗ್ಗಿಸುತ್ತೆ, ಆಪರೇಷನ್ ಆದ ಮೇಲೆ ಸಿಸ್ಟ್ ಮರಳೋದನ್ನ ಕಡಿಮೆ ಮಾಡುತ್ತೆ. ಎರಡನೇ ಆಪರೇಷನ್ ತಪ್ಪಿದ್ರೆ ಆ ಮಟ್ಟಿಗೆ ಅಂಡಾಶಯ ಉಳೀತು ಅನ್ನಬಹುದು. ಅಂಡಾಣುಗಳ ಸಂಖ್ಯೆ ಹೆಚ್ಚಿಸಲ್ಲ, ವಯಸ್ಸನ್ನೂ ತಡೆಯಲ್ಲ. ಮುಟ್ಟನ್ನ ತಾತ್ಕಾಲಿಕವಾಗಿ ನಿಲ್ಲಿಸೋಕೆ ತಿಂಗಳಿಗೊಂದು ಹಾಕೋ ಲ್ಯೂಪ್ರೊಲೈಡ್ ಇಂಜೆಕ್ಷನ್ನಿಗೂ ಇದೇ ಮಾತು. ಕೀಮೋ ತಗೊಳ್ಳೋರಿಗೆ ಅಂಡಾಶಯ ರಕ್ಷಣೆಗೆ ಅಂತ ಅದನ್ನ ಕೊಡ್ತಾರೆ, ಆ ಮಾತನ್ನ ಯಾರೋ ತಂದು ಎಂಡೋಗೆ ಅಂಟಿಸಿದ್ದಾರೆ.

---

ಲ್ಯಾಬ್‌ಕೋಟು

ಐದನೇ ಸಾಲು ನನ್ನ ಪಾಲಿಂದು. ಹತ್ತು ಎಗ್ ಅಂದ್ರೆ ಯಾವ ಹತ್ತು ಅಂತ ಮೊದಲು ಕೇಳಿ. ಸೂಜಿಯಲ್ಲಿ ಹತ್ತು ಬಂದ್ರೆ ಸುತ್ತಲಿನ ಜೀವಕೋಶ ಬಿಡಿಸಿ ನೋಡಿದಾಗ ಬಲಿತದ್ದು ಸುಮಾರು ಎಂಟು ಇರುತ್ತೆ. ಫ್ರೀಝ್ ಮಾಡೋದು ಬಲಿತದ್ದನ್ನ ಮಾತ್ರ. ವರ್ಷಗಳ ಮೇಲೆ ಕರಗಿಸಿದಾಗ ಎಂಟರಲ್ಲಿ ಏಳು ಬದುಕುತ್ತೆ ಅನ್ಕೊಳ್ಳಿ. ಇಕ್ಸಿ (ಒಂದು ವೀರ್ಯಾಣುವನ್ನ ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸೋದು) ಮಾಡಿದ್ರೆ ಐದು ಫಲಿತ ಆಗುತ್ತೆ. ಐದನೇ ದಿನಕ್ಕೆ ಬ್ಲಾಸ್ಟೊಸಿಸ್ಟ್ (ಗರ್ಭಕೋಶಕ್ಕೆ ಬಿಡೋ ಹಂತಕ್ಕೆ ಬೆಳೆದ ಭ್ರೂಣ) ಆಗಿ ನಿಲ್ಲೋದು ಎರಡು, ಅದೃಷ್ಟ ಇದ್ರೆ ಮೂರು. ಆ ಎರಡರಲ್ಲಿ ಪ್ರತಿಯೊಂದೂ ಮಗು ಆಗಲ್ಲ. ಇದು 35ರ ಆಸುಪಾಸಿನ ಲೆಕ್ಕ, 40 ದಾಟಿದ್ರೆ ಪ್ರತಿ ಮೆಟ್ಟಿಲಲ್ಲೂ ಇನ್ನೂ ಉದುರುತ್ತೆ. ನಿಮ್ಮ ಸ್ಲೈಡಿಗೆ ಈ ಜರಡಿ ಚಿತ್ರವೇ ಸಾಕು.

ಅಮೆರಿಕದಲ್ಲಿ 2017ರಲ್ಲಿ ಬಂದ ಒಂದು ಲೆಕ್ಕಾಚಾರ ಎಲ್ಲರೂ ಹಾಕ್ತಾರೆ: 20 ಬಲಿತ ಅಂಡಾಣು ಇದ್ರೆ ಕನಿಷ್ಠ ಒಂದು ಮಗು ಆಗೋ ಸಾಧ್ಯತೆ 34 ವಯಸ್ಸಿಗೆ ನೂರಕ್ಕೆ 90, 37ಕ್ಕೆ 75, 42ಕ್ಕೆ 37. ಅದು ಎಂಡೋ ಇರೋರನ್ನ ಇಟ್ಟುಕೊಂಡು ಮಾಡಿದ ಲೆಕ್ಕ ಅಲ್ಲ. ಎಂಡೋದವರದ್ದೇ ಬೇಕು ಅಂದ್ರೆ ಸ್ಪೇನಿನ 2020ರ ಅಧ್ಯಯನ ನೋಡಿ. ಇಟ್ಟ ಅಂಡಾಣು ಬಳಸೋಕೆ ವಾಪಸ್ ಬಂದ 485 ಮಹಿಳೆಯರು. ಒಟ್ಟಾರೆ ಮಗು ಆದದ್ದು ಸುಮಾರು 46 ಶೇಕಡ. 35ರ ಒಳಗೆ ಇಟ್ಟವರಲ್ಲಿ ಸುಮಾರು 62, ಆಮೇಲೆ ಇಟ್ಟವರಲ್ಲಿ 28. ಚಿಕ್ಕ ವಯಸ್ಸಿನವರಲ್ಲಿ ಆಪರೇಷನ್ ಆದ ಮೇಲೆ ಇಟ್ಟವರಿಗಿಂತ ಆಪರೇಷನ್ ಆಗದೇ ಇಟ್ಟವರ ಫಲ ಮೇಲು. ಡಾಕ್ಟ್ರು ಮೇಲೆ ಹೇಳಿದ ಮೂಸಂಬಿ ಲೆಕ್ಕಕ್ಕೆ ಇದು ತಾಳೆ ಆಗುತ್ತೆ.

ಇನ್ನೊಂದು ತಪ್ಪು ಚಿತ್ರ: ರೀಲ್‌ಗಳಲ್ಲಿ ಕೋಳಿಮೊಟ್ಟೆ, ಐಸ್ ಟ್ರೇ. ಅಂಡಾಣುವಿನಲ್ಲಿ ನೀರು ಜಾಸ್ತಿ. ನಿಧಾನವಾಗಿ ತಣಿಸಿದ್ರೆ ಒಳಗೆ ಐಸ್ ಹರಳು ಹುಟ್ಟಿ ಸೂಜಿ ಹಾಗೆ ಚುಚ್ಚುತ್ತೆ. ಅದಕ್ಕೇ ಈಗ ಐಸ್ ಆಗೋಕೇ ಬಿಡಲ್ಲ. ಎಥಿಲಿನ್ ಗ್ಲೈಕಾಲ್, ಡಿಎಂಎಸ್ಓ, ಸಕ್ಕರೆ ಇರೋ ದ್ರಾವಣದಲ್ಲಿ ನೀರು ಹೊರಗೆಳೆದು, ಕೊನೇ ದ್ರಾವಣದಲ್ಲಿ ಒಂದೂವರೆ ನಿಮಿಷ ಮೀರದ ಹಾಗೆ ಸಣ್ಣ ಪ್ಲಾಸ್ಟಿಕ್ ಪಟ್ಟಿ ಮೇಲೆ ಕೂರಿಸಿ ಮೈನಸ್ 196 ಡಿಗ್ರಿ ದ್ರವ ಸಾರಜನಕಕ್ಕೆ ಅದ್ದೋದು. ಗಾಜಿನ ಹಾಗೆ ಗಟ್ಟಿಯಾಗುತ್ತೆ. ಇದರ ಮೇಲಿದ್ದ "ಪ್ರಾಯೋಗಿಕ" ಅನ್ನೋ ಹಣೆಪಟ್ಟಿಯನ್ನ ಅಮೆರಿಕದ ಸಂತಾನೋತ್ಪತ್ತಿ ತಜ್ಞರ ಎಎಸ್ಆರ್‌ಎಂ ಸಂಸ್ಥೆ 2012ರಲ್ಲಿ ತೆಗೆಯಿತು. ಪಟ್ಟಿ ಮೇಲೆ ದ್ರಾವಣ ಒಂದು ಹನಿ ಜಾಸ್ತಿ ಉಳಿದ್ರೂ ತಣಿಯೋ ವೇಗ ಬಿದ್ದು ಎಗ್ ಹೋಗುತ್ತೆ. ಹಾಗಾಗಿ ಲ್ಯಾಬನ್ನ "ನೀವು ಎಷ್ಟು ಫ್ರೀಝ್ ಮಾಡಿದ್ದೀರಿ" ಅಂತ ಕೇಳಬೇಡಿ. "ಇಲ್ಲಿಟ್ಟ ಅಂಡಾಣುಗಳನ್ನ ಎಷ್ಟು ಕರಗಿಸಿದ್ದೀರಿ, ನೂರಕ್ಕೆ ಎಷ್ಟು ಬದುಕಿವೆ" ಅಂತ ಕೇಳಿ. ಉತ್ತರ ತಡವರಿಸಿದ್ರೆ ಅದೇ ಉತ್ತರ.

---

ಸೂಜಿಪೆಟ್ಟಿಗೆ

ಇಂಜೆಕ್ಷನ್ ಕಡೆಯಿಂದ ನಾನು ಸೇರಿಸ್ತೀನಿ. ಕನ್ನಡ ಪೋಸ್ಟಿನಲ್ಲಿ ಇದು ಇರಲೇಬೇಕು, ಕೊಪ್ಪಳ ರಾಯಚೂರು ಕಡೆಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಓಡಾಡೋರಿಗೆ ಇಂಗ್ಲಿಷ್ ರೀಲ್ ಇದನ್ನ ಹೇಳಲ್ಲ.

ಅಂಡಾಣು ಬೆಳೆಸೋ ಇಂಜೆಕ್ಷನ್ ಒಟ್ಟು 10–12 ದಿನ. ಮುಟ್ಟಿನ 2ನೇ ದಿನಕ್ಕೇ ಕಾಯಬೇಕಿಲ್ಲ, ಫ್ರೀಝ್ ಮಾಡೋದೇ ಆದ್ರೆ ಯಾವ ದಿನದಿಂದ ಬೇಕಾದ್ರೂ ಶುರು ಮಾಡಬಹುದು, ಆಪರೇಷನ್ ದಿನ ಹತ್ತಿರ ಇರೋರಿಗೆ ಇದು ಅನುಕೂಲ. ದಿನಕ್ಕೆ 150ರಿಂದ 300 ಯೂನಿಟ್ ಎಫ್ಎಸ್ಎಚ್ (ಅಂಡಾಣು ಬೆಳೆಸೋ ಹಾರ್ಮೋನ್), ಹೊಟ್ಟೆ ಚರ್ಮದ ಕೆಳಗೆ. 5–6ನೇ ದಿನದಿಂದ ಅಂಡಾಣು ಮೊದಲೇ ಬಿಡುಗಡೆ ಆಗದ ಹಾಗೆ ಇನ್ನೊಂದು ಇಂಜೆಕ್ಷನ್. ಎಂಡೋ ಇರೋರಿಗೆ ಈಸ್ಟ್ರೊಜೆನ್ ಏರದ ಹಾಗೆ ಕೆಲವು ಡಾಕ್ಟರು ಜೊತೆಗೆ ಲೆಟ್ರೊಜೋಲ್ ಮಾತ್ರೆ ಕೊಡ್ತಾರೆ. ಎರಡು ಮೂರು ದಿನಕ್ಕೊಂದು ಸ್ಕ್ಯಾನ್, ಅಂದ್ರೆ ನಾಲ್ಕೈದು ಸಲ ಹೋಗಬೇಕು. ಮೊದಲ ಎರಡು ಸ್ಕ್ಯಾನ್ ಊರ ಹತ್ತಿರ ಮಾಡಿಸಿ ಅಳತೆ ಕಳಿಸೋಕೆ ಆಗುತ್ತಾ ಅಂತ ಮೊದಲೇ ಕೇಳ್ಕೊಳ್ಳಿ. ಕೊನೇ ನಾಲ್ಕು ದಿನ ಮಾತ್ರ ಆಸ್ಪತ್ರೆ ಇರೋ ಊರಲ್ಲೇ ಇರೋದು ಒಳ್ಳೇದು.

ಔಷಧಿ ಕೆಟ್ಟುಹೋಗೋದು ದಾರಿಯಲ್ಲಿ. ಬಹಳಷ್ಟು ಇಂಜೆಕ್ಷನ್ ಪೆನ್ನುಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ರಾತ್ರಿ ಬಸ್ಸಿಗೆ ಥರ್ಮಾಕೋಲ್ ಡಬ್ಬಿ, ಐಸ್ ಪ್ಯಾಕ್, ನಡುವೆ ಒಂದು ಟವೆಲ್. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದ ಔಷಧಿ ಕರಗಿದ ಮೇಲೆ ನೋಡೋಕೆ ಚೆನ್ನಾಗೇ ಇರುತ್ತೆ, ಕೆಲಸ ಮಾಡಲ್ಲ. ಫ್ರಿಜ್ಜಿನಲ್ಲಿ ಫ್ರೀಜರ್ ತಳದ ತಟ್ಟೆ ಬೇಡ, ನಡುವಿನ ತಟ್ಟೆ. ಪುಡಿ ಔಷಧಿ ಬಾಟ್ಲಿಗೆ ಜೊತೆಗೆ ಕೊಟ್ಟ ಇಂಜೆಕ್ಷನ್ ನೀರು ಹಾಕಿ ಕುಲುಕಬೇಡಿ, ಅಂಗೈಯಲ್ಲಿ ಉರುಳಿಸಿ.

ಅಂಡಾಣು ಪೂರ್ತಿ ಬಲಿಯೋಕೆ ಕೊನೇದಾಗಿ ಕೊಡೋ ಟ್ರಿಗರ್ ಇಂಜೆಕ್ಷನ್‌ಗೆ ಗಡಿಯಾರ ಮುಖ್ಯ. ಬುಧವಾರ ಬೆಳಿಗ್ಗೆ 9:30ಕ್ಕೆ ಅಂಡಾಣು ತೆಗೆಯೋದಾದ್ರೆ ಸೋಮವಾರ ರಾತ್ರಿ 10:30ಕ್ಕೆ, ಅಂದ್ರೆ 35 ಗಂಟೆ ಮುಂಚೆ. ಒಂದು ಗಂಟೆ ಲೇಟಾದ್ರೆ ಮುಚ್ಚಿಡಬೇಡಿ, ಆಗಲೇ ಫೋನ್ ಮಾಡಿ ಹೇಳಿ, ತೆಗೆಯೋ ಹೊತ್ತು ಮುಂದಕ್ಕೆ ಹಾಕ್ತಾರೆ. ಮುಚ್ಚಿಟ್ಟರೆ ಬಲಿಯದ ಎಗ್ ಸಿಗುತ್ತೆ, ಎರಡು ವಾರದ ಸೂಜಿ ನೀರಲ್ಲಿ ಹೋಮ.

ತೆಗೆಯೋದು 15–20 ನಿಮಿಷ, ಮಂಪರು ಕೊಟ್ಟು. ಚಾಕೊಲೇಟ್ ಸಿಸ್ಟ್ ಇರೋರಿಗೆ ಒಂದು ವಿಶೇಷ ಎಚ್ಚರ: ಸೂಜಿ ಸಿಸ್ಟಿಗೆ ತಾಗಬಾರದು. ಹಳೇ ರಕ್ತ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ತಾಗಿದ್ರೆ ಆಂಟಿಬಯೋಟಿಕ್ ಕೊಡ್ತಾರೆ. ಆದ್ರೂ ಮನೆಗೆ ಹೋದ ಮೇಲೆ ಜ್ವರದ ಜೊತೆ ಹೊಟ್ಟೆನೋವು ಬಂದ್ರೆ, ಅದು ಎರಡು ವಾರ ಬಿಟ್ಟು ಬಂದ್ರೂ, "ಎಂಡೋ ನೋವು ಮಾಮೂಲು" ಅಂತ ಡೋಲೊ ನುಂಗಿ ಮಲಗಬೇಡಿ. ಕೀವು ಕಟ್ಟಿರಬಹುದು. ಒಂದೇ ದಿನಕ್ಕೆ ಒಂದು ಕೆಜಿ ತೂಕ ಏರಿದ್ರೆ, ಮೂತ್ರ ಕಮ್ಮಿ ಆದ್ರೆ, ಉಸಿರು ಕಟ್ಟಿದ್ರೆ ಅದು ಬೇರೆ ಸಮಸ್ಯೆ, ಅಂಡಾಶಯ ಅತಿಯಾಗಿ ಊದಿಕೊಂಡದ್ದು. ಅದಕ್ಕೂ ತಕ್ಷಣ ಹೋಗಬೇಕು.

---

ನೇರಳೆಶಾಯಿ

ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ. ಎಎಂಎಚ್ ಬಗ್ಗೆ ಯಾರಾದ್ರೂ ಹೇಳಿ. ನಮ್ಮ ಇನ್‌ಬಾಕ್ಸಿನಲ್ಲಿ ಬರೋ ಪ್ರಶ್ನೆಗಳೆಲ್ಲ ರಿಪೋರ್ಟ್ ಫೋಟೋ, ಕೆಳಗೆ "ಇದು ಕಮ್ಮಿನಾ?" ಅಂತ ಅಷ್ಟೇ.

---

ಸೋಮವಾರದ_ಓಪಿಡಿ

ಎಎಂಎಚ್ ಹೇಳೋದು ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಅನ್ನೋ ಅಂದಾಜು. ಗುಣ ಹೇಳಲ್ಲ, ಸಹಜವಾಗಿ ಬಸಿರಾಗ್ತೀರಾ ಇಲ್ಲವಾ ಅಂತಲೂ ಹೇಳಲ್ಲ. 0.8 ಬಂದ 29ರ ಹುಡುಗಿಯ ಒಂದೊಂದು ಅಂಡಾಣು, 3 ಬಂದ 41ರವಳದ್ದಕ್ಕಿಂತ ಗಟ್ಟಿ. "ಕಥೆ ಮುಗೀತು" ಅನ್ನೋದನ್ನ ಅಳಿಸಿ.

ಫೋಟೋ ಬಂದಾಗ ಮೊದಲು ಯೂನಿಟ್ ನೋಡಿ. ನ್ಯಾನೊಗ್ರಾಂನಲ್ಲಿ 1 ಅಂದ್ರೆ ಪಿಕೋಮೋಲ್‌ನಲ್ಲಿ ಸುಮಾರು 7. ದುಬೈ, ಲಂಡನ್ನಿನಲ್ಲಿರೋ ನಮ್ಮವರು ರಿಪೋರ್ಟ್ ಕಳಿಸಿದಾಗ ಇಲ್ಲೇ ಎಡವಟ್ಟಾಗೋದು. ಎರಡನೇದು, ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಕಮ್ಮಿ ತೋರಿಸುತ್ತೆ, ಬಿಟ್ಟು ಎರಡು ಮೂರು ತಿಂಗಳ ಮೇಲೆ ಮಾಡಿಸಿದ್ರೆ ನಿಜ ಗೊತ್ತಾಗೋದು. ಮೂರನೇದು, ಕೂದಲು ಉದುರೋದಕ್ಕೆ ಅಂತ ನುಂಗೋ ಬಯೋಟಿನ್ ಕೆಲವು ಯಂತ್ರಗಳಲ್ಲಿ ಲೆಕ್ಕ ಕೆಡಿಸುತ್ತೆ, ಲ್ಯಾಬಿಗೆ ಹೇಳಿ ಎರಡು ಮೂರು ದಿನ ನಿಲ್ಲಿಸಿ. ಆಪರೇಷನ್ ಆದ ಮರುವಾರವೇ ಮಾಡಿಸಿ ಹೆದರಬೇಡಿ, ಮೊದಲು ಬಿದ್ದದ್ದು ಕೆಲವರಲ್ಲಿ ಸ್ವಲ್ಪ ಚೇತರಿಸುತ್ತೆ, ಮೂರರಿಂದ ಆರು ತಿಂಗಳು ಬಿಡಿ. ದೊಡ್ಡ ಸಿಸ್ಟ್ ಇರೋ ಕಡೆ ಸ್ಕ್ಯಾನಿನಲ್ಲಿ ಫಾಲಿಕಲ್ ಮರೆಯಾಗಿ ಎಣಿಕೆ ಕಮ್ಮಿ ಬರುತ್ತೆ. ಅದಕ್ಕೇ ಎರಡೂ ಪರೀಕ್ಷೆ ಬೇಕು ಅನ್ನೋದು.

ರೀಲುಗಳು ಹೇಳದೇ ಬಿಟ್ಟ ಇನ್ನೊಂದು ವಿಷಯ: ಅಡಿನೋಮಯೋಸಿಸ್. ಎಂಡೋ ಇರೋ ಬಹಳ ಮಂದಿಗೆ ಗರ್ಭಕೋಶದ ಗೋಡೆಯಲ್ಲೂ ಕಾಯಿಲೆ ಇರುತ್ತೆ. ಅಂಡಾಣು ಇಟ್ಟರೆ ಅಂಡಾಣುವಿನ ವಯಸ್ಸು ನಿಲ್ಲುತ್ತೆ, ಗರ್ಭಕೋಶದ್ದು ನಿಲ್ಲಲ್ಲ.

---

ಕಲಂ_ಉಪಕಲಂ

ಕಾನೂನು. ಎಆರ್‌ಟಿ (ಸಹಾಯಿತ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ 2021. 21 ದಾಟಿದ, 50 ತುಂಬದ ಯಾವುದೇ ಮಹಿಳೆ ಸೇವೆ ಪಡೆಯಬಹುದು, ಮದುವೆ ಆಗಿರಲೇಬೇಕು ಅಂತಿಲ್ಲ. ಕ್ಲಿನಿಕ್ ನೋಂದಣಿ ಆಗಿರಬೇಕು, ಅದೂ ಎರಡನೇ ಹಂತದ್ದು. ಒಂದನೇ ಹಂತದವರಿಗೆ ಐಯುಐ (ವೀರ್ಯವನ್ನ ನೇರ ಗರ್ಭಕೋಶಕ್ಕೆ ಬಿಡೋದು) ವರೆಗೆ ಮಾತ್ರ ಅನುಮತಿ. ನೋಂದಣಿ ಸಂಖ್ಯೆ ಕೇಳಿ, ಐದು ವರ್ಷಕ್ಕೊಮ್ಮೆ ನವೀಕರಣ ಇದೆ, ದಿನಾಂಕ ನೋಡಿ.

ಸಂಗ್ರಹದ ಅವಧಿ: ದಾನಿಗಳ ಅಂಡಾಣು–ವೀರ್ಯಕ್ಕೂ ಭ್ರೂಣಕ್ಕೂ ಕಾಯ್ದೆ ಹತ್ತು ವರ್ಷದ ಮಿತಿ ಹಾಕಿದೆ. ಸ್ವಂತ ಅಂಡಾಣು ಇಡೋರು ಒಪ್ಪಿಗೆ ಪತ್ರದಲ್ಲಿ ಎಷ್ಟು ವರ್ಷ ಬರೆದಿದೆ, ವರ್ಷದ ಬಾಡಿಗೆ ಕಟ್ಟದಿದ್ರೆ ಏನು ಮಾಡ್ತಾರೆ, ಕ್ಲಿನಿಕ್ ಮುಚ್ಚಿದ್ರೆ ಎಲ್ಲಿಗೆ ಸಾಗಿಸ್ತಾರೆ, ತಾವು ತೀರಿಕೊಂಡ್ರೆ ಏನಾಗಬೇಕು, ಈ ನಾಲ್ಕು ಸಾಲು ಓದಿ ಸಹಿ ಹಾಕಲಿ. ವಿದೇಶಕ್ಕೆ ಹೋಗಿ ನೆಲೆಸೋರು ಗಮನಿಸಬೇಕಾದ್ದು: ಸ್ವಂತ ಬಳಕೆಗೆ ಆದ್ರೂ ಅಂಡಾಣು ಹೊರದೇಶಕ್ಕೆ ಒಯ್ಯೋಕೆ ಇದೇ ಕಾಯ್ದೆಯ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಕೊರಿಯರ್ ಬುಕ್ ಮಾಡಿದಷ್ಟು ಸುಲಭ ಅಲ್ಲ.

ಡಾಕ್ಟ್ರು ಗರ್ಭಕೋಶದ ಮಾತು ಎತ್ತಿದ್ರಿಂದ ಇದನ್ನೂ ಹೇಳಿಬಿಡ್ತೀನಿ. ಬಾಡಿಗೆ ತಾಯ್ತನದ ಕಾಯ್ದೆಯಲ್ಲಿ ಒಂಟಿ ಮಹಿಳೆ ಅಂದ್ರೆ 35ರಿಂದ 45ರ ವಿಧವೆ ಅಥವಾ ವಿಚ್ಛೇದಿತೆ ಮಾತ್ರ. ಮದುವೆಯೇ ಆಗದವರು ಅದರಲ್ಲಿ ಬರಲ್ಲ. "ಈಗ ಎಗ್ ಇಟ್ಟಿರಿ, ಗರ್ಭಕೋಶ ಕೈಕೊಟ್ರೆ ಸರೊಗಸಿ ಇದೆ" ಅಂತ ಒಂದು ರೀಲ್ ಓಡ್ತಿದೆ, ಅದು ಅವಿವಾಹಿತರ ಪಾಲಿಗೆ ಇಲ್ಲಿ ತಪ್ಪು.

ದಂಪತಿಗೆ: ಭ್ರೂಣ ಇಟ್ಟರೆ ಇಬ್ಬರ ಒಪ್ಪಿಗೆಯೂ ಬೇಕು. ಅಂಡಾಣು ಇಟ್ಟರೆ ಅದು ಆಕೆಯದ್ದೇ. ಮದುವೆ ಮುರಿದಾಗ ಈ ವ್ಯತ್ಯಾಸ ದೊಡ್ಡದು.

---

ನೇರಳೆಶಾಯಿ

ಮೊದಲ ಸ್ಲೈಡ್ ಹೀಗೆ ತಿದ್ದಿದ್ದೀನಿ: "ಚಾಕೊಲೇಟ್ ಸಿಸ್ಟ್ ಇದೆಯಾ? ಆಪರೇಷನ್‌ಗೆ ಮುಂಚೆ ಅಂಡಾಣು ಫ್ರೀಝ್ ಮಾಡಿಸಿ." ಸರಿನಾ?

---

ಸೂಜಿಪೆಟ್ಟಿಗೆ

ವಾಟ್ಸಾಪಿನಲ್ಲಿ ಓಡೋದು ಮೊದಲ ಸ್ಲೈಡಿನ ಸ್ಕ್ರೀನ್‌ಶಾಟ್ ಒಂದೇ. ಉಳಿದ ಏಳು ಯಾರ ಕೈಗೂ ಹೋಗಲ್ಲ. ಹಾಗಾಗಿ ಯಾರಿಗೆ ಅನ್ನೋದು ಅದರಲ್ಲೇ ಇರಲಿ.

---

ಸೋಮವಾರದ_ಓಪಿಡಿ

"ಮಾಡಿಸಿ" ತೆಗೀರಿ. ಒಂದು ಕಡೆ ಎರಡು ಸೆಂಟಿಮೀಟರಿನ ಸಿಸ್ಟ್ ಇರೋಳು, ಆಪರೇಷನ್ನೇ ಬೇಡದೋಳು, ಅದನ್ನ ಓದಿ ಸಾಲ ಮಾಡ್ತಾಳೆ. ಹೀಗಿರಲಿ: "ಎರಡೂ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಇದೆಯಾ, ಅಥವಾ ತೆಗೆದದ್ದು ಮತ್ತೆ ಬಂದಿದೆಯಾ? ಮುಂದೆ ಮಗು ಬೇಕು ಅನ್ನೋ ಆಸೆ ಇದ್ರೆ, ಆಪರೇಷನ್‌ಗೆ ಸಹಿ ಹಾಕೋ ಮುಂಚೆ ಅಂಡಾಣು ಕಾದಿಡೋ ಬಗ್ಗೆ ಡಾಕ್ಟರನ್ನ ಕೇಳಿ." ಉದ್ದ ಆಯ್ತು ಅನ್ಸಿದ್ರೆ ಹಳದಿ ರಿಬ್ಬನ್ ಚಿಕ್ಕದು ಮಾಡಿ, ಅಕ್ಷರಕ್ಕೆ ಜಾಗ ಸಿಗುತ್ತೆ.